ಸಪೋರ್ಟ್ ಇಲ್ಲ ಎನ್ನುವ ಕಾರ್ಡು ಎಲ್ಲಿ ನಿಂತಿದೆ ನೋಡಿ

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ, ಎಚ್.ಡಿ. ಕೋಟೆಗೆ ಮುಂಚೆ ಸಿಗುವ ಹೋಬಳಿ ಊರು ಹಂಪಾಪುರ. ಈ ಸೀಮೆಯ ಡೈರಿ, ವೇ ಬ್ರಿಡ್ಜ್, ಗೊಬ್ಬರದಂಗಡಿಗಳಲ್ಲಿ ಕಂಪ್ಯೂಟರಿನ ಹಿಂಭಾಗ ಬಗ್ಗಿ ನೋಡಿದರೆ, ಪೇಟೆಯ ಆಫೀಸುಗಳಲ್ಲಿ ಎಂದೋ ಮಾಯವಾದ ಎರಡು ಕೇಬಲ್‌ಗಳು ಇನ್ನೂ ದುಡಿಯುತ್ತಿರುತ್ತವೆ. ಒಂದು, ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್. ಶುಂಠಿ ತುಂಬಿದ ಲಾರಿಯ ತೂಕವಾಗಲಿ, ಹಾಲಿನ ಫ್ಯಾಟಿನ ಅಂಕಿಯಾಗಲಿ ಕಂಪ್ಯೂಟರಿಗೆ ಬರುವುದು ಅದರಲ್ಲೇ. ಇನ್ನೊಂದು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ದಪ್ಪನೆಯ ಪ್ಯಾರಲಲ್ ಕೇಬಲ್. ಕಾರ್ಬನ್ ಹಾಕಿ ಒಂದೇ ಏಟಿಗೆ ಮೂರು ಪ್ರತಿ ತೆಗೆಯುವುದು ಇಂಕ್‌ಜೆಟ್ಟಿಗೂ ಲೇಸರಿಗೂ ಆಗದ ಕೆಲಸ, ಹಾಗಾಗಿ ಈ ಪ್ರಿಂಟರ್ ಹೋಗುವುದೂ ಇಲ್ಲ.

ಈಗಿನ ಮದರ್‌ಬೋರ್ಡುಗಳಲ್ಲಿ ಈ ಎರಡೂ ಪೋರ್ಟ್ ಇರುವುದು ಅಪರೂಪ. ಅದಕ್ಕೆಂದೇ ಒಂದು ಸಣ್ಣ ಕಾರ್ಡ್ ತಂದು ಮದರ್‌ಬೋರ್ಡಿನ ಪಿಸಿಐ ಸ್ಲಾಟಿಗೆ ಹಾಕುತ್ತಾರೆ. ವಿಂಡೋಸ್ ಇರುವವರೆಗೆ ಜೊತೆಯಲ್ಲಿ ಬಂದ ಸಿಡಿ ಹಾಕಿದರೆ ಮುಗಿಯಿತು. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಹನ್ನೊಂದನ್ನು ಹಾಕಿಕೊಳ್ಳಲಾಗದ ಹಳೆಯ ಯಂತ್ರಗಳಿಗೆ ಉಬುಂಟು, ಮಿಂಟ್, ಡೆಬಿಯನ್ ಥರದ ಲಿನಕ್ಸ್ ಹಾಕಿಸುವವರು ಹೆಚ್ಚಾದರು. ಹಾಕಿಸಿದ ಮೇಲೆ ಪರದೆ ಬರುತ್ತದೆ, ಬ್ರೌಸರ್ ಓಡುತ್ತದೆ, ತೂಕ ಮಾತ್ರ ಬರುವುದಿಲ್ಲ. ಹಾಕಿಕೊಟ್ಟ ಹುಡುಗನನ್ನು ಕೇಳಿದರೆ, "ಈ ಕಾರ್ಡು ಲಿನಕ್ಸ್‌ಗೆ ಬರಕ್ಕಿಲ್ಲ ಸಾ, ಸಪೋರ್ಟ್ ಇಲ್ಲ" ಎನ್ನುತ್ತಾನೆ.

ಆ ಮಾತನ್ನು ಅಲ್ಲಿಗೇ ನಂಬಬೇಡಿ. ಕಾರ್ಡು ಸ್ಲಾಟಿನಿಂದ ಹೊರಟು ಕೆಲಸಕ್ಕೆ ಬರುವವರೆಗೆ ನಾಲ್ಕೈದು ಹಂತ ದಾಟಬೇಕು. ಯಾವ ಹಂತದಲ್ಲಿ ನಿಂತರೂ ಹೊರಗೆ ಕಾಣುವ ಫಲ ಒಂದೇ: ಕೆಲಸ ಮಾಡುತ್ತಿಲ್ಲ. ನಿಂತಿರುವ ಹಂತ ಗೊತ್ತಾದರೆ ಅರ್ಧ ಗಂಟೆಯ ಕೆಲಸವೋ, ಕೈಬಿಡಬೇಕಾದದ್ದೋ ಹೇಳಿಬಿಡಬಹುದು.

ಮೊದಲಿಗೆ ಡಬ್ಬಿಯ ಮೇಲಿನ ಹೆಸರನ್ನು ಮರೆತುಬಿಡಿ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬರುವ ಹತ್ತು ಬ್ರ್ಯಾಂಡಿನ ಕಾರ್ಡುಗಳನ್ನು ಬಿಚ್ಚಿ ನೋಡಿದರೆ ಒಳಗಿನ ಚಿಪ್ ಎರಡೋ ಮೂರೋ ಕಂಪನಿಯದು. ಲಿನಕ್ಸ್ ನೋಡುವುದು ಚಿಪ್ಪಿನ ನಂಬರನ್ನು. ಹೊಲಕ್ಕೆ ಊರವರು ಏನೇ ಹೆಸರಿಟ್ಟು ಕರೆದರೂ ಪಹಣಿಯಲ್ಲಿ ನಡೆಯುವುದು ಸರ್ವೆ ನಂಬರು, ಅದರೊಳಗಿನ ಹಿಸ್ಸಾ ನಂಬರು, ಇಲ್ಲೂ ಹಾಗೇ. ಪಿಸಿಐ ಕಾರ್ಡಿನೊಳಗೆ 256 ಬೈಟಿನ ಒಂದು ಚಿಕ್ಕ ದಾಖಲೆ ಇರುತ್ತದೆ, ಈಗಿನ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಅದು 4096 ಬೈಟ್. ಅದರ ಮೊದಲ ಎರಡು ಬೈಟ್ ತಯಾರಕರ ನಂಬರು, ಮುಂದಿನ ಎರಡು ಸಾಧನದ ನಂಬರು. ಇಂಟೆಲ್ ತನಗೆ 8086 ಎಂದು ಇಟ್ಟುಕೊಂಡಿದೆ, ತನ್ನ ಹಳೆಯ ಪ್ರಸಿದ್ಧ ಪ್ರೊಸೆಸರಿನ ನೆನಪಿಗೆ. ಅಲ್ಲಿಂದ ಇನ್ನಷ್ಟು ಕೆಳಗೆ ಕಾರ್ಡ್ ಜೋಡಿಸಿದವರ ಉಪನಂಬರುಗಳಿವೆ. ಹಿಸ್ಸಾ ಅಂದೆನಲ್ಲ, ಅದು ಇದು.

ಈ ನಂಬರು ತೋರಿಸುವ ಆದೇಶ ಎಲ್‌ಎಸ್‌ಪಿಸಿಐ. ಟರ್ಮಿನಲ್ ತೆರೆದು ಅದನ್ನು ಟೈಪ್ ಮಾಡಿ, ಜಾಗ ಬಿಟ್ಟು, ಅಡ್ಡಗೆರೆಯ ಜೊತೆ ಎನ್, ಎನ್, ಕೆ ಮೂರಕ್ಷರ ಸೇರಿಸಿ. ಸ್ಲಾಟುಗಳಲ್ಲಿರುವ ಎಲ್ಲವೂ ಸಾಲಾಗಿ ಬರುತ್ತವೆ. ಪ್ರತಿ ಸಾಲಿನ ಕೊನೆಯಲ್ಲಿ ಚೌಕ ಆವರಣದೊಳಗೆ ಜೋಡಿ ನಂಬರು. ಅದರ ಕೆಳಗೆ ಯಾವ ಡ್ರೈವರ್ ಈಗ ಹಿಡಿದಿದೆ, ಯಾವ ಮಾಡ್ಯೂಲ್ (ಬೇಕಾದಾಗ ತುಂಬಿಕೊಳ್ಳುವ ಡ್ರೈವರ್ ಕಡತ) ಹಿಡಿಯಬಲ್ಲದು ಎಂಬ ಎರಡು ಸಾಲು. ರೋಗ ಪತ್ತೆಯ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ.

ಕಾರ್ಡಿನ ಸಾಲೇ ಇಲ್ಲ ಎಂದರೆ ಲಿನಕ್ಸ್‌ನ ಮೇಲೆ ತಪ್ಪು ಹೊರಿಸಬೇಡಿ. ಖಾಲಿ ಸ್ಲಾಟನ್ನು ಓದಿದಾಗ ಬರುವುದು ಬರೀ ಎಫ್‌ಗಳ ಸಾಲು. ನಿಮ್ಮ ಕಾರ್ಡೂ ಹಾಗೇ ಓದಿಸಿಕೊಳ್ಳುತ್ತಿದೆ ಎಂದರ್ಥ. ಯಂತ್ರ ಆಫ್ ಮಾಡಿ, ಕರೆಂಟಿನ ವೈರ್ ಕಿತ್ತು, ಕಾರ್ಡ್ ತೆಗೆದು ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ವೇ ಬ್ರಿಡ್ಜಿನ ಗೂಡಿನಲ್ಲಿ ವರ್ಷಗಟ್ಟಲೆ ಧೂಳು ಕುಡಿದ ಯಂತ್ರಗಳಲ್ಲಿ ಇಷ್ಟಕ್ಕೇ ಸರಿಹೋಗುವುದುಂಟು. ಬಯಾಸ್‌ನಲ್ಲಿ ಆ ಸ್ಲಾಟ್ ಬಂದ್ ಆಗಿದೆಯೇ ನೋಡಿ. ಉದ್ದ ಸ್ಲಾಟಿಗೆ ಗಿಡ್ಡ ಎಕ್ಸ್‌ಪ್ರೆಸ್ ಕಾರ್ಡ್ ಹಾಕುವುದಕ್ಕೆ ಅಡ್ಡಿಯಿಲ್ಲ. ಹಳೆಯ ಪಿಸಿಐ ಕಾರ್ಡ್ ಮಾತ್ರ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರುವುದಿಲ್ಲ.

ಸಾಲು ಇದೆ, ನಂಬರೂ ಇದೆ, ಡ್ರೈವರ್ ಮಾತ್ರ ಇಲ್ಲ ಎನ್ನುವುದು ನಿಜವಾಗಿ ಬಿಡಿಸಬೇಕಾದ ಗಂಟು. ಲಿನಕ್ಸ್‌ನ ಪ್ರತಿ ಪಿಸಿಐ ಡ್ರೈವರಿನೊಳಗೂ ತಾನು ಬಲ್ಲ ನಂಬರುಗಳ ಪಟ್ಟಿ ಇರುತ್ತದೆ. ಯಂತ್ರ ಎದ್ದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಸ್ಲಾಟುಗಳನ್ನು ಸುತ್ತಿ ನಂಬರು ಓದಿ, ಇಂಥದ್ದೊಂದು ಸಿಕ್ಕಿದೆ ಎಂದು ಕೂಗುತ್ತದೆ. ಯುಡೆವ್ ಎಂಬ ಸೇವೆ ಆ ಕೂಗು ಕೇಳಿ, ಎಲ್ಲ ಪಟ್ಟಿಗಳನ್ನು ಒಟ್ಟುಗೂಡಿಸಿದ ಕಡತದಲ್ಲಿ ಹುಡುಕಿ, ಹೊಂದುವ ಮಾಡ್ಯೂಲನ್ನು ಕರೆತರುತ್ತದೆ. ನಂಬರು ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ, ಚಿಪ್ಪನ್ನು ನಡೆಸಲು ಬೇಕಾದ ಕೋಡ್ ಪಕ್ಕದಲ್ಲೇ ಕುಳಿತಿದ್ದರೂ ಯಾರೂ ಏಳುವುದಿಲ್ಲ. ಸಪೋರ್ಟ್ ಇಲ್ಲದಿರುವುದಕ್ಕೂ ಪಟ್ಟಿಯಲ್ಲಿ ಒಂದು ಸಾಲು ಇಲ್ಲದಿರುವುದಕ್ಕೂ ಬಹಳ ಅಂತರವಿದೆ.

ಒಂದು ಕಾರ್ಡನ್ನು ಹತ್ತಿರದಿಂದ ನೋಡೋಣ. ಹಳೆಯ ಪಿಸಿಐ ಸ್ಲಾಟಿನ ಸೀರಿಯಲ್-ಪ್ಯಾರಲಲ್ ಕಾರ್ಡುಗಳಲ್ಲಿ ಹೆಚ್ಚಾಗಿ ಸಿಗುವ ನಂಬರು 9710:9835. ನೆಟ್‌ಮಾಸ್ ಹೆಸರಿನ ಚಿಪ್. 9710 ಎಂಬ ತಯಾರಕ ನಂಬರು ಈಗ ಹೈದರಾಬಾದಿನ ಮಾಸ್‌ಚಿಪ್ ಕಂಪನಿಯ ಹೆಸರಿನಲ್ಲಿದೆ. ಇದೇ ಚಿಪ್ ಹಾಕಿ ಒಬ್ಬರು ಎರಡು ಸೀರಿಯಲ್ ಒಂದು ಪ್ಯಾರಲಲ್ ಇರುವ ಕಾರ್ಡ್ ಮಾಡುತ್ತಾರೆ, ಇನ್ನೊಬ್ಬರು ಬರೀ ಸೀರಿಯಲ್ ಮಾಡುತ್ತಾರೆ. ಜೋಡಿ ನಂಬರು ಎರಡಕ್ಕೂ ಒಂದೇ. ಹಾಗಾದರೆ ಡ್ರೈವರಿಗೆ ಗೊತ್ತಾಗುವುದು ಹೇಗೆ? ಉಪನಂಬರಿನಿಂದ. ಅದರ ಕೊನೆಯಂಕಿ ಸೀರಿಯಲ್ ಪೋರ್ಟ್ ಎಷ್ಟು, ಅದರ ಹಿಂದಿನಂಕಿ ಪ್ಯಾರಲಲ್ ಎಷ್ಟು ಎಂದು ಹೇಳುತ್ತದೆ. ಎಲ್‌ಎಸ್‌ಪಿಸಿಐಗೆ ವಿ ಅಕ್ಷರವನ್ನೂ ಸೇರಿಸಿ ನೋಡಿದಾಗ ಉಪನಂಬರು 1000:0012 ಎಂದು ಬಂದರೆ ಒಂದು ಪ್ಯಾರಲಲ್, ಎರಡು ಸೀರಿಯಲ್. ಡ್ರೈವರಿನ ಕೋಡ್ ತೆರೆದರೆ ಈ ನಿಯಮ ಟಿಪ್ಪಣಿಯ ರೂಪದಲ್ಲಿ ಅಲ್ಲೇ ಬರೆದಿದೆ. ಹೀಗೆ ತೆರೆದು ನೋಡಲು ಬಿಡುವುದೇ ಈ ವ್ಯವಸ್ಥೆಯ ದೊಡ್ಡ ಸೌಕರ್ಯ.

ಇಂಥ ಜಂಟಿ ಕಾರ್ಡುಗಳಲ್ಲಿ ಇನ್ನೊಂದು ತಾಪತ್ರಯ: ತೂಕ ಬರುತ್ತದೆ, ಪ್ರಿಂಟ್ ಬರುವುದಿಲ್ಲ. ಒಂದು ಕಾರ್ಡನ್ನು ಒಂದು ಸಲಕ್ಕೆ ಒಂದೇ ಡ್ರೈವರ್ ಹಿಡಿಯಬಲ್ಲದು. ಬರೀ ಸೀರಿಯಲ್ ಬಲ್ಲ ಡ್ರೈವರ್ ಸಾಮಾನ್ಯವಾಗಿ ಕರ್ನಲಿನೊಳಗೇ ಇರುವುದರಿಂದ ಮೊದಲು ಎದ್ದು, ಅಪರಿಚಿತ ಸೀರಿಯಲ್ ಕಾರ್ಡ್ ಕಂಡರೆ ಅಂದಾಜಿನ ಮೇಲೆ ಹಿಡಿದುಕೊಳ್ಳುತ್ತದೆ. ಎರಡನ್ನೂ ಬಲ್ಲ ಪಾರ್‌ಪೋರ್ಟ್ ಸೀರಿಯಲ್ ಎಂಬ ಮಾಡ್ಯೂಲ್ ಹಿಂದಿನಿಂದ ಬಂದು ಕೈ ಖಾಲಿ ನಿಲ್ಲುತ್ತದೆ. ಇದನ್ನು ತಡೆಯಲು ಸೀರಿಯಲ್ ಡ್ರೈವರಿನೊಳಗೆ, ಇವನ್ನು ಮುಟ್ಟಬೇಡ ಎನ್ನುವ ಪಟ್ಟಿಯೊಂದನ್ನೂ ಇಟ್ಟಿದ್ದಾರೆ. ಚೀನಾದ ಡಬ್ಲ್ಯುಸಿಎಚ್ ಚಿಪ್ಪಿನ 4348:5053, 4348:7053 ಅದರಲ್ಲಿವೆ. ನಿಮ್ಮ ಕಾರ್ಡು ಆ ಪಟ್ಟಿಗೆ ಇನ್ನೂ ಸೇರಿರದಿದ್ದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಹಿಡಿದಿರುವ ಡ್ರೈವರಿನ ಹೆಸರು ಬರೀ ಸೀರಿಯಲ್ ಎಂದಿದ್ದರೆ ಇದೇ ಕಾರಣ ಎಂದು ಹಿಡಿಯಬಹುದು.

ಪಟ್ಟಿಯಲ್ಲಿಲ್ಲದ ನಂಬರನ್ನು ಸೇರಿಸಲು ಮೂರು ದಾರಿ. ಮೊದಲನೆಯದು ಸಪ್ಪೆಯಾದರೂ ಹೆಚ್ಚು ಸಲ ಫಲ ಕೊಡುವುದು: ಕರ್ನಲ್ ಹೊಸದು ಮಾಡಿ. ಪ್ರತಿ ಒಂಬತ್ತು ಹತ್ತು ವಾರಕ್ಕೊಂದು ಕರ್ನಲ್ ಹೊರಬರುತ್ತದೆ, ಪ್ರತಿಯೊಂದರಲ್ಲೂ ಇಂಥ ಸಾಲುಗಳು ಸೇರುತ್ತಲೇ ಇರುತ್ತವೆ. ಉದಾಹರಣೆಗೆ ತೈವಾನಿನ ಏಸಿಕ್ಸ್ ಕಂಪನಿಯ ಎಎಕ್ಸ್99100 ಎಂಬ ಚಿಪ್ಪಿಗೆ ಕರ್ನಲಿನಲ್ಲಿ ಜಾಗ ಸಿಕ್ಕಿದ್ದು 2023ರಲ್ಲಿ. ಅದಕ್ಕೂ ಹಿಂದಿನ ಲಿನಕ್ಸ್ ಹಾಕಿಕೊಂಡು ಈ ಚಿಪ್ಪಿನ ಕಾರ್ಡಿಗೆ ಸಪೋರ್ಟ್ ಇಲ್ಲ ಎಂದರೆ ಅದು ಕಾರ್ಡಿನ ತಪ್ಪಲ್ಲ.

ಎರಡನೆಯದು, ಓಡುತ್ತಿರುವ ಡ್ರೈವರಿಗೇ ನಂಬರು ಹೇಳಿಕೊಡುವುದು. ಸಿಸ್ ಎಂಬ ಮೂಲ ಫೋಲ್ಡರಿನ ಕೆಳಗೆ ಬಸ್, ಅದರೊಳಗೆ ಪಿಸಿಐ, ಡ್ರೈವರ್ಸ್, ಆಮೇಲೆ ಡ್ರೈವರಿನ ಹೆಸರಿನ ಫೋಲ್ಡರ್. ಅಲ್ಲಿ ನ್ಯೂ ಐಡಿ ಎಂಬ ಕಡತ ಇರುತ್ತದೆ. ಅದಕ್ಕೆ ನಿಮ್ಮ ಜೋಡಿ ನಂಬರನ್ನು ನಡುವೆ ಜಾಗ ಬಿಟ್ಟು ರೂಟ್ ಅಧಿಕಾರದಿಂದ ಬರೆದ ಕೂಡಲೇ ಡ್ರೈವರ್ ಆ ಕಾರ್ಡನ್ನು ಹಿಡಿಯಲು ನೋಡುತ್ತದೆ. ಕಂಪೈಲ್ ಬೇಡ, ರೀಬೂಟ್ ಬೇಡ. ಬಲ್ಲ ಚಿಪ್ಪಿಗೆ ಹೊಸ ನಂಬರು ಹಾಕಿಕೊಂಡು ಬಂದ ನೆಟ್‌ವರ್ಕ್ ಕಾರ್ಡುಗಳಿಗೆ ಇದು ಸೊಗಸಾಗಿ ಒಗ್ಗುತ್ತದೆ. ಜಂಟಿ ಕಾರ್ಡುಗಳಲ್ಲಿ ಎಚ್ಚರ ಬೇಕು. ಪಾರ್‌ಪೋರ್ಟ್ ಸೀರಿಯಲ್‌ನ ಪಟ್ಟಿಯಲ್ಲಿ ನಂಬರಿನ ಜೊತೆಗೆ ಈ ಕಾರ್ಡ್ ಯಾವ ಮಾದರಿಯದು ಎಂಬ ಸೂಚನೆಯೂ ಇರುತ್ತದೆ. ನೀವು ಬರೀ ನಂಬರು ಕೊಟ್ಟರೆ ಅದು ಸೊನ್ನೆಯನೆಯ ಮಾದರಿ, ಎಂದರೆ ಪಟ್ಟಿಯ ಮೊದಲನೆಯದು ಎಂದುಕೊಂಡು ತಪ್ಪು ವಿಳಾಸದಲ್ಲಿ ಪೋರ್ಟ್ ಹುಡುಕುತ್ತದೆ. ವಿಳಾಸ ಸರಿಯಾಗಿ ಬಿದ್ದರೂ ಸೀರಿಯಲ್‌ನಲ್ಲಿ ಇನ್ನೊಂದು ವಿಚಿತ್ರ ಲಕ್ಷಣ ಕಾಣಬಹುದು: ಅಕ್ಷರ ಬರುತ್ತದೆ, ಆದರೆ ಕಸ. ಕಾರ್ಡಿನ ಮೇಲಿನ ಕ್ರಿಸ್ಟಲ್ ಒಂದು ವೇಗದಲ್ಲಿ ಮಿಡಿಯುತ್ತದೆ, ಡ್ರೈವರ್ ಇನ್ನೊಂದು ವೇಗ ಎಂದು ಲೆಕ್ಕ ಹಾಕಿರುತ್ತದೆ. ಬಾಡ್ ದರ, ಎಂದರೆ ಸಾಗಣೆಯ ವೇಗ, 9600 ಎಂದು ಇಟ್ಟದ್ದು ನಿಜದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚೋ ಕಡಿಮೆಯೋ ಆಗಿರುತ್ತದೆ. ಸೆಟ್‌ಸೀರಿಯಲ್ ಎಂಬ ಆದೇಶದಿಂದ ಮೂಲ ಬಾಡ್ ದರ ತಿದ್ದಿದರೆ ಕಸ ಹೋಗಿ ಅಂಕಿ ಬರುತ್ತದೆ.

ಬರೀ ಪ್ರಿಂಟರ್ ಪೋರ್ಟ್ ಇರುವ ಕಾರ್ಡಿಗೆ ಇನ್ನೂ ಸುಲಭದ ಉಪಾಯವುಂಟು. ಹಿಂದೆ ಮದರ್‌ಬೋರ್ಡಿನ ಪ್ಯಾರಲಲ್ ಪೋರ್ಟ್ ಸಾಮಾನ್ಯವಾಗಿ 378 ಎಂಬ ವಿಳಾಸದಲ್ಲಿರುತ್ತಿತ್ತು. ಡಾಸ್ ಕಾಲದ ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಅದನ್ನೇ ನಂಬಿ ನೇರವಾಗಿ ಅಲ್ಲಿಗೆ ಬರೆಯುತ್ತಿದ್ದವು, ಕಾರ್ಡ್ ಹಾಕಿದಾಗ ಅವು ಸೋಲುವುದಕ್ಕೂ ಅದೇ ಕಾರಣ. ಕಾರ್ಡಿನ ವಿಳಾಸವನ್ನು ಪ್ರತಿ ಯಂತ್ರದಲ್ಲೂ ಬಯಾಸ್ ಹೊಸದಾಗಿ ಹಂಚುತ್ತದೆ. ವಿ ಸೇರಿಸಿದ ಎಲ್‌ಎಸ್‌ಪಿಸಿಐ ಆ ವಿಳಾಸಗಳನ್ನು ಅಳತೆಯ ಸಮೇತ ತೋರಿಸುತ್ತದೆ. ಪೋರ್ಟ್ ಸಾಮಾನ್ಯವಾಗಿ 8 ಬೈಟಿನ ಭಾಗಗಳಲ್ಲೊಂದರಲ್ಲಿ ಇರುತ್ತದೆ. ಪಾರ್‌ಪೋರ್ಟ್ ಪಿಸಿ ಮಾಡ್ಯೂಲನ್ನು ಕರೆಯುವಾಗ ಐಓ ಎಂದು ಆ ವಿಳಾಸ ಕೊಟ್ಟರೆ ಪಟ್ಟಿಯ ಗೊಡವೆಯೇ ಇಲ್ಲದೆ ಪೋರ್ಟ್ ಎದ್ದು ಕೂರುವುದುಂಟು. ಇಂಟರಪ್ಟ್ ನಂಬರು ಕೊಡದಿದ್ದರೂ ನಡೆಯುತ್ತದೆ. ಮುದ್ರಣ ತುಸು ನಿಧಾನ, ಅಷ್ಟೆ. ಸರಿಹೋದ ಮೇಲೆ ಆ ಸಾಲನ್ನು ಮಾಡ್‌ಪ್ರೋಬ್‌ನ ಸಂರಚನಾ ಫೋಲ್ಡರಿನ ಕಡತವೊಂದರಲ್ಲಿ ಬರೆದಿಡಿ. ಬೇರೆ ಸ್ಲಾಟಿಗೆ ಕಾರ್ಡ್ ಬದಲಿಸಿದರೆ ವಿಳಾಸವೂ ಬದಲಾದೀತು.

ಮೂರನೆಯ ದಾರಿ, ತಯಾರಕರು ಕೊಟ್ಟ ಮೂಲ ಕೋಡನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡುವುದು. ಇದನ್ನು ನಾನು ಕೊನೆಗೆ ಇಡುತ್ತೇನೆ. ಇವತ್ತು ಕಟ್ಟಿದ ಮಾಡ್ಯೂಲ್ ಇವತ್ತಿನ ಕರ್ನಲಿಗೆ ಮಾತ್ರ; ಮುಂದಿನ ವಾರ ಅಪ್‌ಡೇಟ್ ಬಂದರೆ ಬೆಳಿಗ್ಗೆ ಹಾಲು ಹಾಕುವವರ ಸಾಲು ನಿಂತಿರುವಾಗ ಪೋರ್ಟ್ ಮಾಯ. ಡಿಕೆಎಂಎಸ್ ಎಂಬ ಸಲಕರಣೆಯ ಮೂಲಕ ಕಟ್ಟಿದರೆ ಪ್ರತಿ ಅಪ್‌ಡೇಟಿಗೂ ಅದೇ ಮತ್ತೆ ಕಟ್ಟಿಕೊಳ್ಳುತ್ತದೆ, ಹಳೆಯ ಕೋಡ್ ಹೊಸ ಕರ್ನಲಿಗೆ ಒಗ್ಗುವವರೆಗೆ. ತಯಾರಕರ ಪುಟದಲ್ಲಿರುವ ಕೋಡ್ ಎಷ್ಟು ವರ್ಷದ ಹಿಂದಿನದು ಎಂದು ನೋಡಿಯೇ ಕೈ ಹಾಕಿ.

ಇದರ ಜೊತೆಗೆ ಸೆಕ್ಯೂರ್ ಬೂಟ್ ಎಂಬ ಕಾವಲು. ಅದು ಚಾಲೂ ಇದ್ದರೆ, ನೀವು ಕಟ್ಟಿದ ಮಾಡ್ಯೂಲಿಗೆ ಸಹಿ ಇಲ್ಲವೆಂದು ಕರ್ನಲ್ ತಿರಸ್ಕರಿಸುತ್ತದೆ. ಮಾಡ್ಯೂಲಿಗೆ ಐಓ ವಿಳಾಸ ಕೊಡುವ ಮೇಲಿನ ಉಪಾಯವನ್ನೂ ಅದು ಒಪ್ಪದಿರಬಹುದು. ಉಬುಂಟುವಿನಲ್ಲಿ ಡಿಕೆಎಂಎಸ್ ಒಂದು ಪಾಸ್‌ವರ್ಡ್ ಕೇಳುತ್ತದೆ. ಮುಂದಿನ ಸಲ ಯಂತ್ರ ಎದ್ದಾಗ ನೀಲಿ ಪರದೆ ಬಂದು, ಹೊಸ ಕೀಲಿ ಸೇರಿಸಬೇಕೇ ಎನ್ನುತ್ತದೆ. ಹತ್ತು ಸೆಕೆಂಡಿನಲ್ಲಿ ಕೀಬೋರ್ಡಿನ ಗುಂಡಿಯೊಂದನ್ನು ಒತ್ತದಿದ್ದರೆ ಅದು ಸುಮ್ಮನೆ ಮುಂದೆ ಹೋಗುತ್ತದೆ. ಚಹಾ ತರಲು ಎದ್ದು ಹೋದವರು ಇಲ್ಲಿಯೇ ಸಿಕ್ಕಿಬೀಳುವುದು. ವೇ ಬ್ರಿಡ್ಜಿನ ಒಂಟಿ ಯಂತ್ರದಲ್ಲಿ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟನ್ನು ಆಫ್ ಮಾಡಿದರೆ ನನ್ನ ಮಟ್ಟಿಗೆ ದೊಡ್ಡ ಅಪಾಯವಿಲ್ಲ.

ವೈಫೈ ಕಾರ್ಡುಗಳದು ಬೇರೆ ಕಥೆ. ಅಲ್ಲಿ ಡ್ರೈವರ್ ಹಿಡಿದಿರುತ್ತದೆ, ನೆಟ್‌ವರ್ಕ್ ಮಾತ್ರ ಕಾಣುವುದಿಲ್ಲ. ಕಾರ್ಡಿನೊಳಗೊಂದು ಪುಟ್ಟ ಪ್ರೊಸೆಸರ್ ಇದ್ದು, ಅದಕ್ಕೆ ಬೇಕಾದ ಫರ್ಮ್‌ವೇರನ್ನು ಪ್ರತಿ ಸಲ ಯಂತ್ರವೇ ತುಂಬಬೇಕು. ಡಿಮೆಸ್‌ಜಿ ಆದೇಶ ಕೊಟ್ಟು ನೋಡಿದಾಗ ಫರ್ಮ್‌ವೇರ್ ಹಾಕಲಾಗಲಿಲ್ಲ, ದೋಷ ಮೈನಸ್ 2 ಎಂದಿದ್ದರೆ ಗಾಬರಿ ಬೇಡ. ಮೈನಸ್ 2 ಎಂದರೆ ಕಡತ ಸಿಗಲಿಲ್ಲ ಎಂದಷ್ಟೆ; ಯಾವ ಕಡತ ಎಂಬುದೂ ಅದೇ ಸಾಲಿನಲ್ಲಿರುತ್ತದೆ. ಲಿನಕ್ಸ್ ಫರ್ಮ್‌ವೇರ್ ಪೊಟ್ಟಣ ಹಾಕಿದರೆ ಬಹುಪಾಲು ಮುಗಿಯಿತು. ಡೆಬಿಯನ್ನಿನವರು ಮುಕ್ತವಲ್ಲದ ಫರ್ಮ್‌ವೇರನ್ನು ಬಹಳ ಕಾಲ ಹೊರಗಿಟ್ಟಿದ್ದರು. 2022ರಲ್ಲಿ ಮತ ಹಾಕಿ, 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಅಧಿಕೃತ ಇನ್‌ಸ್ಟಾಲರಿನಲ್ಲೇ ಕೊಡುತ್ತಿದ್ದಾರೆ. ಅದಕ್ಕಿಂತ ಹಳೆಯ ಡೆಬಿಯನ್ ಪೆನ್‌ಡ್ರೈವ್ ಇಟ್ಟುಕೊಂಡಿದ್ದರೆ ಹೊಸದು ಮಾಡಿಕೊಳ್ಳಿ. ಹಳೆಯ ಅಥೆರೋಸ್ ಚಿಪ್ಪಿನ ಪಿಸಿಐ ಕಾರ್ಡುಗಳಿಗೆ ಈ ಕಾಟವೇ ಇಲ್ಲ; ಕಂಪನಿಯೇ 2008ರಲ್ಲಿ ಎಥ್9ಕೆ ಡ್ರೈವರನ್ನು ಮುಕ್ತವಾಗಿ ಕೊಟ್ಟಿತು, ಅದಕ್ಕೆ ಫರ್ಮ್‌ವೇರ್ ಬೇಡ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಂಥದ್ದು ಕಂಡರೆ ನಾನು ಬಿಡುವುದಿಲ್ಲ.

ಟಿವಿ ಟ್ಯೂನರ್ ಕಾರ್ಡುಗಳ ಕಾಲ ನೆನಪಿರುವವರಿಗೆ ಒಂದು ಮಾತು. ಆಗಿನ ಬಿಟಿ878 ಚಿಪ್ಪಿನ ಅಗ್ಗದ ಕಾರ್ಡುಗಳಲ್ಲಿ ಉಪನಂಬರೇ ಬರೆದಿರುತ್ತಿರಲಿಲ್ಲ. ಡ್ರೈವರಿಗೆ ಕಾರ್ಡ್ ಯಾವುದೆಂದು ತಿಳಿಯುತ್ತಿರಲಿಲ್ಲ. ನೂರೈವತ್ತಕ್ಕೂ ಹೆಚ್ಚು ಮಾದರಿಗಳ ಪಟ್ಟಿಯಿಂದ ಒಂದೊಂದೇ ಸಂಖ್ಯೆ ಕೊಟ್ಟು, ಚಿತ್ರ ಬಂತು ದನಿ ಬರಲಿಲ್ಲ ಎನ್ನುತ್ತಾ ಹುಡುಕಬೇಕಿತ್ತು. ಈಗಿನ ಕಾರ್ಡುಗಳು ಅಷ್ಟು ಗೋಳುಹೊಯ್ದುಕೊಳ್ಳುವುದಿಲ್ಲ.

ಕಾರ್ಡಿನ ರಗಳೆ ಯಾಕೆ, ಯುಎಸ್‌ಬಿ ಕನ್ವರ್ಟರ್ ಸಾಲದೇ ಎಂದು ಕೇಳಬಹುದು. ಬಹಳ ಕಡೆ ಸಾಕು. ಒಂದು ಸಂಜೆಯಲ್ಲಿ ಬಗೆಹರಿಯದ ಕಾರ್ಡನ್ನು ಬಿಟ್ಟು ಅದನ್ನೇ ತನ್ನಿ ಎಂದು ನಾನೂ ಹೇಳುತ್ತೇನೆ. ಆದರೆ ಕರೆಂಟ್ ಹೋಗಿ ಬಂದಾಗ, ಕೇಬಲ್ ಅಲುಗಿದಾಗ ಕನ್ವರ್ಟರಿನ ಪೋರ್ಟ್ ಸಂಖ್ಯೆ ಸೊನ್ನೆಯಿಂದ ಒಂದಕ್ಕೆ ಜಾರುವುದುಂಟು, ಆಗ ತೂಕದ ಸಾಫ್ಟ್‌ವೇರ್ ಹಳೆಯ ಸಂಖ್ಯೆಯಲ್ಲೇ ಕಾಯುತ್ತಾ ಕೂರುತ್ತದೆ. ಸ್ಲಾಟಿನಲ್ಲಿ ತಿರುಪು ಬಿಗಿದ ಕಾರ್ಡಿಗೆ ಆ ಚಾಳಿಯಿಲ್ಲ.

ಇದನ್ನೆಲ್ಲ ಒಬ್ಬರೇ ಮಾಡುವುದು ಕಷ್ಟವೆನಿಸಿದರೆ, ಲಿನಕ್ಸ್ ಬಲ್ಲವರು ದೂರವೇನಿಲ್ಲ. ಹಂಪಾಪುರದ ಇದೇ ರಸ್ತೆಯಲ್ಲಿ ಮುಂದೆ ಸಾಗಿ ಬಾವಲಿ ದಾಟಿದರೆ ವಯನಾಡು. ಅಲ್ಲಿನ ಸರ್ಕಾರಿ ಶಾಲೆಗಳ ಲ್ಯಾಬುಗಳಲ್ಲಿ, ಅತ್ತ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲೂ, ಕೇರಳ ಸರ್ಕಾರದ ಐಟಿ@ಸ್ಕೂಲ್ ಯೋಜನೆಯ ಕಾಲದಿಂದ ಅದರ ಈಗಿನ ರೂಪವಾದ ಕೈಟ್‌ವರೆಗೆ ಮಕ್ಕಳು ಕಲಿಯುವುದು ಗ್ನೂ ಲಿನಕ್ಸ್‌ನಲ್ಲೇ. ನಮ್ಮಲ್ಲೂ 2011ರಿಂದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಮೇಷ್ಟ್ರುಗಳು ಉಬುಂಟು ಬಳಸಿದ್ದಾರೆ. ಊರಿನ ಹೈಸ್ಕೂಲಿನಲ್ಲಿ ಅಂಥ ಒಬ್ಬರು ಸಿಕ್ಕರೆ ಟರ್ಮಿನಲ್ ಮುಂದೆ ಒಬ್ಬರೇ ಕೂರಬೇಕಾಗಿಲ್ಲ.

ಪೋರ್ಟ್ ಎದ್ದ ಮೇಲೂ ಎರಡು ಮುಳ್ಳು ಉಳಿದಿರುತ್ತವೆ. ಕೆಲವು ಲಿನಕ್ಸ್‌ಗಳು ಮೊದಲಿಗೆ 4 ಸೀರಿಯಲ್ ಪೋರ್ಟಿಗಷ್ಟೇ ಜಾಗ ಇಡುತ್ತವೆ. ಹೆಚ್ಚಿಗೆ ಬೇಕಿದ್ದರೆ ಬೂಟ್ ಸಾಲಿನಲ್ಲಿ 8250 ಡ್ರೈವರಿನ ಎನ್‌ಆರ್ ಯುಆರ್ಟ್ಸ್ ಎಂಬ ಸಂಖ್ಯೆ ಏರಿಸಬೇಕು. ಇನ್ನೊಂದು, ಅನುಮತಿ ಇಲ್ಲ ಎಂಬ ದೋಷ: ಡೆಬಿಯನ್, ಉಬುಂಟುಗಳಲ್ಲಿ ಸೀರಿಯಲ್ ಪೋರ್ಟ್ ಡಯಲ್‌ಔಟ್ ಗುಂಪಿಗೆ, ಪ್ರಿಂಟರ್ ಪೋರ್ಟ್ ಎಲ್‌ಪಿ ಗುಂಪಿಗೆ ಸೇರಿದ್ದು. ಬಳಕೆದಾರರ ಹೆಸರನ್ನು ಆ ಗುಂಪಿಗೆ ಸೇರಿಸಿ, ಒಮ್ಮೆ ಲಾಗೌಟ್ ಆಗಿ ಬರಬೇಕು.

ಆಮೇಲೆ ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ ಟಿವಿಎಸ್ ಎಂಎಸ್‌ಪಿ ಥರದವುಗಳಲ್ಲಿ ಒಂಬತ್ತು ಪಿನ್ನಿನವಕ್ಕೆ ಎಪ್ಸನ್ 9 ಪಿನ್ ಡ್ರೈವರ್ ಆರಿಸಿ. ಪ್ರಿಂಟರಿನೊಳಗೆ ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ತನ್ನದೇ ಅಚ್ಚಿದೆ, ಅವನ್ನು ಸರಸರ ಹೊಡೆಯುತ್ತದೆ. ಕನ್ನಡಕ್ಕೆ ಅಚ್ಚಿಲ್ಲ, ಇಡೀ ಸಾಲನ್ನು ಚಿತ್ರವಾಗಿ ಚುಕ್ಕೆ ಚುಕ್ಕೆ ಹೊಡೆಯಬೇಕಾದ್ದರಿಂದ ಚೀಟಿ ನಿಧಾನ. ಡೈರಿಯ ಹೆಸರು, ಊರು, ಕಾಲಂ ತಲೆಬರಹಗಳನ್ನು ಪ್ರೆಸ್ಸಿನಲ್ಲಿ ಕನ್ನಡದಲ್ಲೇ ಅಚ್ಚು ಹಾಕಿಸಿದ ಕಾಗದ ಹಾಕಿ, ಯಂತ್ರದಿಂದ ಬರೀ ಅಂಕಿ ಹೊಡೆಸಿದರೆ ಬೆಳಗಿನ ಸಾಲು ಬೇಗ ಕರಗುತ್ತದೆ.